ಸಂತ ಯಾಕೋಬರ ಚರ್ಚಿನಲ್ಲಿ ಒಂದು ಸಂಸಾರ

ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಹೃದಯಭಾಗದಲ್ಲಿ ನಡುವೇ ಇಲ್ಲದ ಚರ್ಚೊಂದಿದೆ. ಒಂದು ಕಡೆ 112 ಮೀಟರ್ ಎತ್ತರದ ಗೋಪುರ, ಇನ್ನೊಂದು ಕಡೆ ಪೀಠವಿರುವ ಭಾಗ, ಎರಡರ ಮಧ್ಯೆ ಬಟ್ಟಬಯಲು. ಜನ ಕುಳಿತು ಪ್ರಾರ್ಥಿಸಬೇಕಾಗಿದ್ದ ಜಾಗದಲ್ಲಿ ಮರಗಳು ಬೆಳೆದಿವೆ, ಸೈಕಲ್ಲುಗಳು ಗಂಟೆ ಬಾರಿಸುತ್ತ ಹಾದುಹೋಗುತ್ತವೆ. 1674ರ ಆಗಸ್ಟ್ 1ರಂದು ಬೀಸಿದ ಬಿರುಗಾಳಿಗೆ ಡೋಮ್ ಚರ್ಚಿನ ನಡುಭಾಗ ಕುಸಿದು ಬಿತ್ತು. ಹಣ ಸಾಲದೆ ಆ ಭಾಗವನ್ನು ತಕ್ಕ ಆಸರೆಗೋಡೆಗಳಿಲ್ಲದೆ ಕಟ್ಟಿದ್ದರಂತೆ. ಗಾಳಿ ಅಲ್ಲೇ ಕೈಹಾಕಿತು. ಗೋಪುರ ಅಲುಗಲಿಲ್ಲ. ಬಿದ್ದ ಕಲ್ಲಿನ ರಾಶಿಯನ್ನು ಪೂರ್ತಿ ಎತ್ತಿ ಸಾಗಿಸಿದ್ದು 1826ರ ಹೊತ್ತಿಗೆ. ಒಂದೂವರೆ ಶತಮಾನ ಊರಿನ ನಡುವೆ ಆ ಅವಶೇಷ ಬಿದ್ದುಕೊಂಡೇ ಇತ್ತು. ಈಗ ಅದೇ ಜಾಗದಲ್ಲಿ ನೆಲಹಾಸಿನ ಮೇಲೆ ಹಳೆಯ ಗೋಡೆ, ಕಂಬಗಳ ಗುರುತು ಮೂಡಿಸಿದ್ದಾರೆ. ಆ ಗೆರೆ ಹಿಡಿದು ನಡೆಯುವಾಗ, ಇಲ್ಲದ ಚಾವಣಿಯ ಕೆಳಗೆ ಇದ್ದೇನೆ ಎನಿಸಿ ಮೈ ಜುಮ್ಮೆಂದಿತು.

ಚರ್ಚುಗಳು ಹೀಗೆ ಬೇರೆ ಬೇರೆ ರೂಪ ತಾಳುವುದು ಈ ಊರಿಗೆ ಹೊಸದಲ್ಲ. ಅಂಥದ್ದೊಂದು ರೂಪವನ್ನು ಕಣ್ಣಾರೆ ಕಾಣಲೆಂದೇ ನಾನು ಹೋಗಿದ್ದೆ. 1870ರಲ್ಲಿ ಕಟ್ಟಿದ ಸಂತ ಯಾಕೋಬರ ಹೆಸರಿನ ಪುಟ್ಟ ಕ್ಯಾಥೊಲಿಕ್ ಚರ್ಚು ಈಗ ಒಂದು ಮನೆ. ಅಲ್ಲಿ ಅಡುಗೆ ಆಗುತ್ತದೆ, ಜನ ಮಲಗಿ ಏಳುತ್ತಾರೆ. ಪೂಜೆ ನಡೆದ ಜಾಗದಲ್ಲಿ ಸಂಸಾರ ನಡೆಯುವುದೆಂದರೆ ಹೇಗಿರಬಹುದು ಎಂಬ ಕುತೂಹಲ ಬಹಳ ಕಾಲದಿಂದ ನನ್ನನ್ನು ಕಾಡಿತ್ತು.

ಡೋಮ್ ಗೋಪುರದಿಂದ ಕೆಲವೇ ಹೆಜ್ಜೆ ನಡೆದರೆ ಬ್ಯೂರ್‌ಕೆರ್ಕ್ ಸಿಗುತ್ತದೆ. ಮಧ್ಯಯುಗದಲ್ಲಿ ಊರಿನ ಸಾಮಾನ್ಯ ಜನರ ಚರ್ಚು ಅದು. 1984ರಿಂದ ಅದರೊಳಗೆ ಸ್ಪೀಲ್‌ಕ್ಲಾಕ್ ಎಂಬ ಮ್ಯೂಸಿಯಂ ಇದೆ. ತಾವಾಗಿಯೇ ನುಡಿಯುವ ವಾದ್ಯಗಳ ಸಂಗ್ರಹ: ಹಾಡುವ ಗಡಿಯಾರಗಳು, ಸಂಗೀತದ ಪೆಟ್ಟಿಗೆಗಳು, ಚಕ್ರ ತಿರುಗಿಸಿದರೆ ಬೀದಿಯಿಡೀ ಮೊಳಗುವ ಭಾರಿ ಆರ್ಗನ್‌ಗಳು. ಕಮಾನು ಚಾವಣಿಯ ಕೆಳಗೆ ಅಂಥದ್ದೊಂದು ಆರ್ಗನ್ ಒಮ್ಮೆಲೇ ಜೀವ ತಳೆದಾಗ ಮಕ್ಕಳು ಕುಣಿಯತೊಡಗಿದರು. ಸಂತೆಬೀದಿಗೆಂದು ಕಟ್ಟಿದ ವಾದ್ಯ, ಪ್ರಾರ್ಥನೆಗೆಂದು ಕಟ್ಟಿದ ಗೋಡೆ. ಎರಡೂ ಸೇರಿ ಹುಟ್ಟಿದ ನಾದ ಎದೆಯೊಳಗೆ ಇಳಿಯಿತು.

ಈ ಚರ್ಚಿಗೆ ಪೀಠದ ಭಾಗವಿಲ್ಲ. 1586ರಲ್ಲಿ ರಸ್ತೆ ಮಾಡಲೆಂದು ಅದನ್ನು ಕೆಡವಿದರು. ಆ ರಸ್ತೆಗೆ ಇಂದಿಗೂ ಚರ್ಚಿನ ಆ ಭಾಗದ ಹೆಸರೇ, ಖೋರ್‌ಸ್ಟ್ರಾಟ್. ಅಂಗಡಿಗಳ ಸಾಲಿನ ಆ ಬೀದಿಯಲ್ಲಿ ನಿಂತು ನಾನು ಹೆಚ್ಚು ಹೊತ್ತು ಯೋಚಿಸಿದ್ದು ಸಿಸ್ಟರ್ ಬೆರ್ಟ್‌ಕೆನ್ ಬಗ್ಗೆ. 1457ರಲ್ಲಿ, ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದಾಗ, ಆಕೆ ಈ ಚರ್ಚಿನ ಗೋಡೆಗೆ ಅಂಟಿಸಿ ಕಟ್ಟಿದ ಸಣ್ಣ ಕೋಣೆಯೊಳಗೆ ಹೊಕ್ಕಳು. ಬಾಗಿಲು ಮುಚ್ಚಿತು. 1514ರಲ್ಲಿ ಸಾಯುವವರೆಗೆ, ಐವತ್ತೇಳು ವರ್ಷ, ಆಕೆ ಹೊರಗೆ ಬರಲಿಲ್ಲ. ಬರಿಗಾಲು, ಒರಟು ಉಡುಪು, ಚಳಿಗೆ ಬೆಂಕಿಯಿಲ್ಲ. ಮಾಂಸವನ್ನಾಗಲಿ ಹಾಲನ್ನಾಗಲಿ ಮುಟ್ಟಲಿಲ್ಲವಂತೆ. ಒಳಗೇ ಕುಳಿತು ಕವಿತೆ, ಪ್ರಾರ್ಥನೆ ಬರೆದಳು. ಸತ್ತ ಮೇಲೆ ಅದೇ ಕೋಣೆಯಲ್ಲಿ ಮಣ್ಣು ಮಾಡಿದರು. ಚರ್ಚಿಗಂಟಿಕೊಂಡು ಮನೆ ಮಾಡುವುದು ನಮ್ಮ ಕಾಲದ ಹುಚ್ಚು ಎಂದುಕೊಂಡು ಬಂದವನಿಗೆ, ಐದೂವರೆ ಶತಮಾನದ ಹಿಂದೆ ಅಲ್ಲಿ ಬಾಳಿದ ಹೆಣ್ಣುಮಗಳು ಸಿಕ್ಕಳು.

ಅಲ್ಲಿಂದ ಹಳೆಯ ಕಾಲುವೆ ಔಡೆಖ್ರಾಖ್ಟ್ ಗುಂಟ ಉತ್ತರಕ್ಕೆ ನಡೆದೆ. ಈ ಕಾಲುವೆಗೆ ಎರಡು ಅಂತಸ್ತು. ಮೇಲೆ ರಸ್ತೆ, ಕೆಳಗೆ ನೀರಿನ ಮಟ್ಟದಲ್ಲಿ ದೋಣಿಕಟ್ಟೆ, ಅದಕ್ಕೆ ಬಾಗಿಲು ತೆರೆದ ನೆಲಮಾಳಿಗೆಗಳು. ಒಂದು ಕಾಲದಲ್ಲಿ ದೋಣಿಯ ಸರಕು ಅಲ್ಲಿಂದ ನೇರವಾಗಿ ವರ್ತಕರ ಮನೆಯೊಳಗೆ ಹೋಗುತ್ತಿತ್ತು. ಈಗ ಆ ನೆಲಮಾಳಿಗೆಗಳಲ್ಲಿ ಹೋಟೆಲುಗಳಿವೆ. ಕಾಲುವೆ ಮುಗಿದು ವೆಖ್ಟ್ ನದಿ ಶುರುವಾಗುವಲ್ಲಿ ನೀರನ್ನು ತಡೆಯುವ ಹಳೆಯ ಬಾಗಿಲಿದೆ, ವೇರ್ಡ್‌ಸ್ಲೌಸ್. ವಸಂತದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಹೊರಟ ಮೀನುಗಳು ಈ ಮುಚ್ಚಿದ ಬಾಗಿಲಿನ ಮುಂದೆ ಕಾಯುತ್ತವೆ. ಅವುಗಳಿಗಾಗಿ ಊರಿನವರು ನೀರಿನೊಳಗೆ ಕ್ಯಾಮೆರಾ ಇಟ್ಟಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಾದರೂ ಇಂಟರ್ನೆಟ್‌ನಲ್ಲಿ ನೋಡುತ್ತಿದ್ದು, ಮೀನು ಕಂಡ ಕೂಡಲೇ ಗುಂಡಿ ಒತ್ತಬಹುದು. ಸುದ್ದಿ ಬಾಗಿಲು ಕಾಯುವವರಿಗೆ ಮುಟ್ಟುತ್ತದೆ. ಮೀನಿನ ಪರವಾಗಿ ಬಾಗಿಲು ತಟ್ಟುವ ವ್ಯವಸ್ಥೆ! ಇಷ್ಟು ಮಮತೆಯಿಂದ ನೀರನ್ನು ನೋಡಿಕೊಳ್ಳುವವರು ಕಟ್ಟಡಗಳನ್ನೂ ಹಾಗೆಯೇ ನೋಡಿಕೊಳ್ಳುತ್ತಾರೆ ಎಂದು ಆಗಲೇ ನನಗೆ ಭರವಸೆ ಹುಟ್ಟಿತ್ತು.

ಅಲ್ಲೇ ಹತ್ತಿರ, ಬೆಮ್ಯೂರ್ಡೆ ವೇರ್ಡ್ ಎಂಬ ದಂಡೆಯ ಪೂರ್ವಬದಿಯಲ್ಲಿ, ಆ ಚರ್ಚು ಕಂಡಿತು.

ದೊಡ್ಡದೇನಲ್ಲ. ಅಕ್ಕಪಕ್ಕದ ಮನೆಗಳ ಸಾಲಿನಲ್ಲಿ ಇಟ್ಟಿಗೆಯ ಮುಖ ಹೊತ್ತು ನಿಂತಿದೆ. ಗಾಥಿಕ್ ಶೈಲಿಯ ಮೊನಚು ಕಮಾನುಗಳಿಲ್ಲದಿದ್ದರೆ ನಾನು ದಾಟಿಯೇ ಹೋಗಿಬಿಡುತ್ತಿದ್ದೆ. ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಅದು ಒಂದು ಸಂಸಾರದ ಮನೆ. ಒಳಗಿನದ್ದನ್ನು ನಾನು ಬಲ್ಲದ್ದು ಮನೆ ರೂಪಿಸಿದ ಝೆಕ್ ಎಂಬ ಉಟ್ರೆಕ್ಟಿನದೇ ವಾಸ್ತುಶಿಲ್ಪ ಸಂಸ್ಥೆ ಪ್ರಕಟಿಸಿದ ಚಿತ್ರಗಳಿಂದ. ಹೊರಗೆ ನೀರಿನ ಬದಿಯಲ್ಲಿ ನಿಂತು ಆ ಚಿತ್ರಗಳನ್ನು ಮನಸ್ಸಿನಲ್ಲೇ ಗೋಡೆಯ ಹಿಂದೆ ಜೋಡಿಸುತ್ತ ಹೋದೆ.

ಆದರೆ ಈ ಗೋಡೆ ಇಲ್ಲಿ ಎದ್ದದ್ದೇ ಒಂದು ವಿಸ್ಮಯ. ಉಟ್ರೆಕ್ಟ್ ಶತಮಾನಗಳ ಕಾಲ ಬಿಷಪ್ಪರ ಊರಾಗಿತ್ತು. ಪ್ರೊಟೆಸ್ಟಂಟ್ ಸುಧಾರಣಾ ಚಳವಳಿಯ ಅಲೆ ಬಂದಮೇಲೆ, 1580ರಲ್ಲಿ, ಇಲ್ಲಿ ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಮಾಡುವುದನ್ನೇ ನಿಷೇಧಿಸಿದರು. ಅವರ ದೊಡ್ಡ ಚರ್ಚುಗಳೆಲ್ಲ ಕೈತಪ್ಪಿದವು. ಆಗ ಅವರು ಪೂಜೆಯನ್ನು ಮನೆಗಳೊಳಗೆ ಒಯ್ದರು.

ಅಂಥ ಒಂದು ಮನೆಯನ್ನು ನೋಡಲು ಆಮ್‌ಸ್ಟರ್‌ಡ್ಯಾಮಿಗೆ ಹೋದೆ. ಹಳೆಯ ಪೇಟೆಯ ಕಾಲುವೆ ದಂಡೆ, ಔಡೆಝೈಡ್ಸ್ ಫೋರ್‌ಬುರ್ಖ್‌ವಾಲ್. ಜರ್ಮನಿಯಿಂದ ಬಂದು ನೆಲೆಸಿದ ಯಾನ್ ಹಾರ್ಟ್‌ಮನ್ ಎಂಬ ಕ್ಯಾಥೊಲಿಕ್ ವ್ಯಾಪಾರಿ 1661ರಲ್ಲಿ ಇಲ್ಲಿ ಮನೆ ಕೊಂಡ. ಹಿಂಬದಿಯ ಎರಡು ಮನೆಗಳನ್ನೂ ಸೇರಿಸಿಕೊಂಡು, ಮೇಲಿನ ಅಂತಸ್ತುಗಳನ್ನು ಒಂದಾಗಿಸಿ, 1663ರ ಹೊತ್ತಿಗೆ ಅಲ್ಲೊಂದು ಇಡೀ ಚರ್ಚನ್ನೇ ಕಟ್ಟಿಬಿಟ್ಟ. ರಸ್ತೆಯಿಂದ ನೋಡಿದರೆ ಎಲ್ಲ ಮನೆಗಳಂಥ ಮನೆ. ಒಳಗೆ ಮೊದಲು ವರ್ತಕನ ಠೀವಿಯ ಹಜಾರ, ಕಡಿದಾದ ಮೆಟ್ಟಿಲು, ಕಿರಿದಾದ ನಡೆ, ಗೋಡೆಯೊಳಗೆ ಹುದುಗಿದ ಹಾಸಿಗೆ. ಇನ್ನೂ ಮೇಲೆ ಹತ್ತಿದೆ. ತಲೆ ಬಗ್ಗಿಸಿ ದಾಟಿದ ಬಾಗಿಲಿನ ಆಚೆ ಚಾವಣಿಯೇ ತೆರೆದುಕೊಂಡಿತು! ಎದುರಿಗೆ ಯಾಕೋಬ್ ಡೆ ವಿಟ್ ಬರೆದ, ಯೇಸುವಿನ ದೀಕ್ಷಾಸ್ನಾನದ ಚಿತ್ರ ಹೊತ್ತ ಪೀಠ. ಎರಡೂ ಬದಿಗೆ ಒಂದರ ಮೇಲೊಂದು ಮೊಗಸಾಲೆಗಳು. ಅವನ್ನು ಕಬ್ಬಿಣದ ಸರಳುಗಳು ಮೇಲಿನಿಂದ ಎತ್ತಿ ಹಿಡಿದಿವೆ. ಪಾದ್ರಿ ನಿಂತು ಬೋಧಿಸುವ ಕಟ್ಟೆಯನ್ನು ಪೀಠದ ಕಂಬದೊಳಗೆ ಮಡಚಿಡಬಹುದು. ಬೇಕಾದಾಗ ಹೊರಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನೂರಾರು ಜನ ಸದ್ದಿಲ್ಲದೆ ಪಕ್ಕದ ಓಣಿಯ ಬಾಗಿಲಿನಿಂದ ಹತ್ತಿ ಬಂದು ಇಲ್ಲಿ ಮಂಡಿಯೂರುತ್ತಿದ್ದರು. ಅಧಿಕಾರಿಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಬೀದಿಗೆ ಕಾಣದಿದ್ದರೆ ಸಾಕು, ಕೈಗೆ ಒಂದಿಷ್ಟು ಹಣ ಸೇರಿದರೆ ಸಾಕು, ಕಂಡೂ ಕಾಣದಂತೆ ಇರುತ್ತಿದ್ದರು. 1887ರಲ್ಲಿ ರೈಲು ನಿಲ್ದಾಣದ ಎದುರು ಸಂತ ನಿಕೋಲಾಸರ ದೊಡ್ಡ ಚರ್ಚು ತೆರೆದ ಮೇಲೆ ಅಟ್ಟದ ಚರ್ಚು ಬರಿದಾಯಿತು; ಮರುವರ್ಷವೇ ಮ್ಯೂಸಿಯಂ ಆಯಿತು.

ಆ ಅಟ್ಟದ ಬೆಂಚಿನ ಮೇಲೆ ಕುಳಿತಾಗ ಉಟ್ರೆಕ್ಟಿನ ಮನೆಯ ಅರ್ಥವೇ ಬದಲಾಯಿತು. ಇನ್ನೂರಕ್ಕೂ ಹೆಚ್ಚು ವರ್ಷ ಈ ನಾಡಿನಲ್ಲಿ ಮನೆಗಳು ಚರ್ಚುಗಳಾಗಿದ್ದವು. ಹಾಸಿಗೆಯ ಮೇಲಂತಸ್ತಿನಲ್ಲಿ ಪೀಠವಿತ್ತು. ಕೆಳಗೆ ಬೇಯುವ ಸಾರಿನ ವಾಸನೆ ಪೂಜೆಯ ಧೂಪದೊಂದಿಗೆ ಬೆರೆತಿರಲೇಬೇಕು. ಮನೆಯನ್ನು ದೇವರಿಗೆ ಕೊಟ್ಟವರ ನಾಡಿನಲ್ಲಿ ದೇವರ ಮನೆಯೊಂದು ಮನುಷ್ಯರಿಗೆ ಬಂದರೆ, ಅದು ಕೊಟ್ಟ ಸಾಲ ಹಿಂದಿರುಗಿದಂತೆ ನನಗೆ ತೋರಿತು.

1853ರಲ್ಲಿ ನೆದರ್ಲೆಂಡ್ಸಿನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಆಡಳಿತ ಮತ್ತೆ ಸ್ಥಾಪನೆಯಾಯಿತು. ಉಟ್ರೆಕ್ಟ್ ಮತ್ತೆ ಮಹಾಧರ್ಮಾಧ್ಯಕ್ಷರ ಪೀಠವಾಯಿತು. ಅಡಗಿ ಕುಳಿತಿದ್ದ ಭಕ್ತಿ ಒಮ್ಮೆಲೇ ಬೀದಿಗೆ ಬಂದಿತು. ಊರೂರಿಗೂ ಗಾಥಿಕ್ ಮಾದರಿಯ ಹೊಸ ಚರ್ಚುಗಳು ಎದ್ದವು. ಉಟ್ರೆಕ್ಟಿನಲ್ಲಂತೂ ಈ ಕಲೆಗೆಂದೇ 1869ರಲ್ಲಿ ಪಾದ್ರಿ ವಾನ್ ಹ್ಯೂಕೆಲೋಮ್ ಒಂದು ಕೂಟವನ್ನೇ ಕಟ್ಟಿದರು. ಮರುವರ್ಷದ ಸಂತ ಯಾಕೋಬರ ಚರ್ಚು ಆ ಉತ್ಸಾಹದ ಕಾಲದ ಕೂಸು.

ಆ ಉತ್ಸಾಹ ನೂರು ವರ್ಷ ಬಾಳಿತು ಎನ್ನಬಹುದು. 1960ರ ದಶಕದಿಂದ ಬೆಂಚುಗಳು ಖಾಲಿಯಾಗತೊಡಗಿದವು. 2017ರ ಹೊತ್ತಿಗೆ ಡಚ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹದಿನೈದು ವರ್ಷ ಮೀರಿದವರಲ್ಲಿ ಶೇಕಡಾ 51, ತಮಗೆ ಯಾವ ಧರ್ಮವೂ ಇಲ್ಲವೆಂದರು. ಕುಳಿತುಕೊಳ್ಳುವವರಿಲ್ಲದ ಚರ್ಚಿಗೂ ಚಾವಣಿ ಸೋರುತ್ತದೆ, ಚಳಿಗಾಲದಲ್ಲಿ ಶಾಖ ಬೇಕಾಗುತ್ತದೆ, ಆ ಖರ್ಚು ಉಳಿದ ಕೆಲವೇ ಮುದುಕರ ಹೆಗಲಿಗೆ ಬೀಳುತ್ತದೆ.

ಪ್ರೊಟೆಸ್ಟಂಟರಲ್ಲಿ, ಅದರಲ್ಲೂ ಕ್ಯಾಲ್ವಿನ್ ಪಂಥದವರಲ್ಲಿ, ಜನ ಸೇರಿದರಷ್ಟೇ ಅದು ಚರ್ಚು. ಜನ ಹೊರಟರೆ ಉಳಿಯುವುದು ಗೋಡೆ. ಕ್ಯಾಥೊಲಿಕರಿಗೆ ಹಾಗಲ್ಲ. ಅಲ್ಲಿ ಕಟ್ಟಡವೇ ಅಭಿಷಿಕ್ತ, ಪೀಠದಲ್ಲಿ ಸಂತರ ಅವಶೇಷವಿರುತ್ತದೆ. ಆದ್ದರಿಂದ ಮುಚ್ಚುವುದಕ್ಕೂ ಕ್ರಮವಿದೆ. ಧರ್ಮಾಧ್ಯಕ್ಷರ ಆಜ್ಞೆ ಬೇಕು. ಕೊನೆಯ ಬಲಿಪೂಜೆ ನಡೆಯುತ್ತದೆ, ಪರಮಪ್ರಸಾದವನ್ನು ಹೊರಗೆ ಒಯ್ಯುತ್ತಾರೆ, ಅವಶೇಷಗಳನ್ನು ಪೀಠದಿಂದ ತೆಗೆಯುತ್ತಾರೆ. ಅವರ ಕ್ಯಾನನ್ ಕಾನೂನಿನ 1222ನೇ ವಿಧಿ, ಪೂಜೆಗೆ ಬಾರದ ಚರ್ಚನ್ನು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೀನವಾಗಿರಬಾರದು ಎನ್ನುತ್ತದೆ. ಮದುವೆಯಾದ ಪೀಠ, ಮಗುವಿಗೆ ಹೆಸರಿಟ್ಟ ಕಲ್ಲಿನ ಬೋಗುಣಿ, ಅಪ್ಪನ ಶವಪೆಟ್ಟಿಗೆ ಇಳಿಸಿದ ಹಾದಿ. ಇವೆಲ್ಲ ಒಂದೇ ಬೆಳಗಿನಲ್ಲಿ ಬರಿಯ ಆಸ್ತಿಯಾಗುವುದನ್ನು ನೋಡಿದವರ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ.

ಸಂತ ಯಾಕೋಬರ ಚರ್ಚಿನಲ್ಲಿ ಪೂಜೆ ನಿಂತದ್ದು 1991ರಲ್ಲಿ. ಆಮೇಲೆ ಅದು ಹಳೆಯ ಪೀಠೋಪಕರಣ ಮಾರುವವರ ಪ್ರದರ್ಶನ ಮಳಿಗೆಯಾಯಿತು, ಸಭೆಗಳು ನಡೆದವು, ಸಣ್ಣಪುಟ್ಟ ಸಂಗೀತ ಕಛೇರಿಗಳು ನಡೆದವು. ಮಳಿಗೆಗೆ ಜಾಗ ಹೆಚ್ಚಲೆಂದು ಒಳಗೆ ಮರದ ಅಟ್ಟ ಹಾಕಿದ್ದರು; ಅದು ಚರ್ಚಿನ ಎತ್ತರವನ್ನೇ ಕತ್ತರಿಸಿತ್ತು. ಮನೆಯಾಗಿ ಮುಗಿದದ್ದು 2009ರಲ್ಲಿ.

ಚರ್ಚನ್ನು ಮನೆ ಮಾಡುವ ಕಷ್ಟ ಹೊರಗಿನಿಂದ ನೋಡುವವರಿಗೆ ತಿಳಿಯದು. ಚರ್ಚಿನ ಕಿಟಕಿ ಇರುವುದು ಬೆಳಕು ಒಳಕ್ಕೆ ಬರಲಿ ಎಂದು. ಕಣ್ಣು ಹೊರಕ್ಕೆ ಹೋಗಲಿ ಎಂದಲ್ಲ. ಎಲ್ಲವೂ ತಲೆಯ ಮೇಲೆ, ಎಲ್ಲವೂ ಬಣ್ಣದ ಗಾಜು. ಮನೆಯಲ್ಲಿರುವವರಿಗೆ ಯಾರು ಬಂದರು, ಮಳೆ ನಿಂತಿತೇ ಎಂದು ನೋಡುವ ಆಸೆ ಇದ್ದೇ ಇರುತ್ತದೆ. ಇನ್ನು ಶಾಖ: ಬಿಸಿಗಾಳಿ ನೆಟ್ಟಗೆ ಕಮಾನಿಗೆ ಏರಿ ಅಲ್ಲೇ ನಿಲ್ಲುತ್ತದೆ, ಕೆಳಗೆ ಕಾಲು ಮರಗಟ್ಟುತ್ತದೆ. ಹಾಗಾಗಿ ಇಂಥ ಕಡೆಗಳಲ್ಲಿ ಬಹುಪಾಲು ನೆಲದಡಿಯಲ್ಲೇ ಬಿಸಿನೀರಿನ ಕೊಳವೆ ಹಾಸುತ್ತಾರೆ. ಹಾಡನ್ನು ದೊಡ್ಡದು ಮಾಡುವ ಗೋಡೆ ಕೈಜಾರಿದ ತಟ್ಟೆಯ ಸದ್ದನ್ನೂ ದೊಡ್ಡದು ಮಾಡುತ್ತದೆ. ಮಧ್ಯಯುಗದ ಚರ್ಚಾದರೆ ನೆಲದ ಕೆಳಗೆ ಸಮಾಧಿಗಳಿರುತ್ತವೆ. ಚರ್ಚಿನೊಳಗೆ ಹೂಳುವುದು ಈ ದೇಶದಲ್ಲಿ ನಿಂತದ್ದು 1829ರಲ್ಲಿ. ಅದರ ನಂತರ ಹುಟ್ಟಿದ ಈ ಚರ್ಚಿನಲ್ಲಿ ಯಾರ ನಿದ್ದೆಯನ್ನೂ ಕದಡುವ ಪ್ರಮೇಯ ಬರಲಿಲ್ಲ.

ಇಷ್ಟೆಲ್ಲ ಕಷ್ಟಕ್ಕೆ ಆ ವಾಸ್ತುಶಿಲ್ಪಿಗಳು ಕೊಟ್ಟ ಉತ್ತರ ಸರಳವಾಗಿದೆ. ಅಟ್ಟದ ಕೆಲವು ಭಾಗ ತೆಗೆದು, ಬೆಳಕು ನೆಲದವರೆಗೆ ಇಳಿಯುವಂತೆ ಮಾಡಿದರು. ಮಲಗುವ, ಓದುವ, ಸ್ನಾನದ ಕೋಣೆಗಳನ್ನು ಬೆಳ್ಳಗಿನ ಒಂದು ಹೊಸ ರಚನೆಯೊಳಗೆ ಜೋಡಿಸಿದರು. ಅದು ಹಳೆಯ ಕಂಬಗಳಿಂದ, ಗೋಡೆಗಳಿಂದ, ಕಮಾನುಗಳಿಂದ ಬಿಡಿಯಾಗಿ ನಿಂತಿದೆ. ಬಣ್ಣದ ಗಾಜುಗಳು ಉಳಿದವು. ಕಣ್ಣಿಗೆ ಹೊರಗಿನದು ಕಾಣಲೆಂದು, ಹೆಚ್ಚು ಬೆಳಕು ಬರಲೆಂದು, ಸೀಸದ ಪಟ್ಟಿಗಳಿಂದ ಜೋಡಿಸಿದ ಹೊಸ ಕಿಟಕಿಯೊಂದನ್ನು ಚಿತ್ರಕಾರ ಮೊಂಡ್ರಿಯಾನನ ಚಿತ್ರಗಳನ್ನು ನೆನಪಿಸುವ ಚೌಕಗಳಲ್ಲಿ ರಚಿಸಿದರು. ಮೊಂಡ್ರಿಯಾನ್ ಹುಟ್ಟಿದ್ದು 1872ರಲ್ಲಿ, ಪಕ್ಕದ ಆಮರ್ಸ್‌ಫೋರ್ಟ್‌ನಲ್ಲಿ. ಅವನ ಬಳಗದ ವಾಸ್ತುಶಿಲ್ಪಿ ರೀಟ್‌ಫೆಲ್ಡ್ 1924ರಲ್ಲಿ ಕಟ್ಟಿದ ಜಗತ್ಪ್ರಸಿದ್ಧ ಮನೆ ಇದೇ ಉಟ್ರೆಕ್ಟಿನಲ್ಲಿದೆ. ಹಾಗಾಗಿ ಆ ಹೊಸ ಕಿಟಕಿಯೂ ಪರಸ್ಥಳದ್ದಲ್ಲ, ಊರಿನದೇ ಇನ್ನೊಂದು ದನಿ.

ನಾನು ಕಾಲುವೆಯ ಬದಿಯಲ್ಲಿ ನಿಂತು ಬೆರಗಾದದ್ದು ಮುಖ್ಯವಾಗಿ ಆ ಬಿಡಿಯಾಗಿ ನಿಂತ ರಚನೆಯನ್ನು ನೆನೆದು. ಒಳಗೆ ಸೇರಿಸಿದ್ದನ್ನೆಲ್ಲ ನಾಳೆ ಕಳಚಿ ತೆಗೆದರೆ ಮತ್ತೆ ಚರ್ಚು ಸಿಗಬೇಕು ಎಂಬುದೇ ಅವರ ಮೂಲ ಸಂಕಲ್ಪ. ತಾವು ಕೊನೆಯ ವಾರಸುದಾರರು ಎಂದು ಅವರು ಭಾವಿಸಲಿಲ್ಲ. ಇಂಥದ್ದೇ ವಿವೇಕವನ್ನು ಮಾಸ್ಟ್ರಿಕ್ಟ್ ನಗರದಲ್ಲಿಯೂ ಕಂಡೆ. 1294ರಲ್ಲಿ ಪ್ರತಿಷ್ಠೆಯಾದ ಡೊಮಿನಿಕನ್ ಚರ್ಚು 1794ರಲ್ಲಿ ಫ್ರೆಂಚ್ ಸೈನ್ಯದ ಪಾಲಾಯಿತು. ಆಮೇಲೆ ಉಗ್ರಾಣವಾಗಿ, ಸೈಕಲ್ ನಿಲ್ಲಿಸುವ ತಾಣವಾಗಿ ಸವೆದು, ಈಗ ಪುಸ್ತಕದಂಗಡಿಯಾಗಿದೆ. ಅಲ್ಲಿಯೂ ಹಲವು ಅಂತಸ್ತಿನ ಕಪ್ಪು ಉಕ್ಕಿನ ಕಪಾಟು ಗೋಡೆಗೆ ತಾಗದೆ ನಿಂತಿದೆ. ಅದರ ಮೆಟ್ಟಿಲೇರಿ ಹೋದರೆ, ಭಕ್ತರು ಎಂದೂ ಹತ್ತಿರದಿಂದ ಕಾಣದ ಚಾವಣಿಯ ಚಿತ್ತಾರ ಕೈಗೆ ಸಿಗುವಷ್ಟು ಸಮೀಪಕ್ಕೆ ಬರುತ್ತದೆ.

ಇದೆಲ್ಲ ನೋಡುವಾಗ ನಮ್ಮ ಹಾಸನದ ಶೆಟ್ಟಿಹಳ್ಳಿ ಕಣ್ಣ ಮುಂದೆ ಬಂತು. ಫ್ರೆಂಚ್ ಪಾದ್ರಿಗಳು ಕಟ್ಟಿದ ಹತ್ತೊಂಬತ್ತನೇ ಶತಮಾನದ ಚರ್ಚದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು, ಹಿನ್ನೀರಿಗೆ ಸಿಕ್ಕ ಹಳ್ಳಿಯ ಜನ ಎದ್ದುಹೋದರು. ಮಳೆಗಾಲದಲ್ಲಿ ನೀರು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಚಾವಣಿ ಹೋಗಿದೆ, ಕಮಾನುಗಳು ಒಂದೊಂದಾಗಿ ಕರಗುತ್ತಿವೆ. ಅದರ ಚೆಲುವಿಗೆ ಮರುಳಾಗಿ ಜನ ಫೋಟೊ ತೆಗೆಯಲು ಹೋಗುತ್ತಾರೆ, ನಾನೂ ಹೋಗಿದ್ದೇನೆ. ಅಲ್ಲಿ ಜನರನ್ನು ಕಳಿಸಿದ್ದು ನೀರು, ಉಟ್ರೆಕ್ಟಿನಲ್ಲಿ ಕಾಲ, ಕಾರಣ ಬೇರೆ. ಆದರೂ ಎರಡನ್ನೂ ಕಂಡವನಿಗೆ ಒಂದು ಮಾತು ಖಚಿತವಾಯಿತು: ಸೋರುವ ಚಾವಣಿಯನ್ನು ಅದೇ ರಾತ್ರಿ ಗಮನಿಸುವವರು ಅದರಡಿಯಲ್ಲಿ ಮಲಗಿದವರು ಮಾತ್ರ. ಸ್ಮಾರಕಕ್ಕೆ ಕಾವಲುಗಾರನಿದ್ದರೆ ಅವನು ಸಂಜೆ ಮನೆಗೆ ಹೋಗುತ್ತಾನೆ. ಮನೆಯವರು ಎಲ್ಲಿಗೂ ಹೋಗುವುದಿಲ್ಲ.

ಎಲ್ಲ ಚರ್ಚಿಗೂ ಇದು ಮದ್ದಲ್ಲ ಎಂಬುದನ್ನೂ ಹೇಳಲೇಬೇಕು. ಡೋಮ್‌ನಂಥದ್ದನ್ನು ಒಂದು ಸಂಸಾರಕ್ಕೆ ಕೊಡಲಾಗದು, ಕೊಡಲೂ ಬಾರದು. ಮನೆಯಾದ ಕೂಡಲೇ ಎಲ್ಲರ ಬಾಗಿಲು ಒಬ್ಬರ ಬಾಗಿಲಾಗುತ್ತದೆ. ಅಲ್ಲಿ ಮದುವೆಯಾದ ಮುದುಕಿ ಇನ್ನೊಮ್ಮೆ ಒಳಗೆ ಬಂದು ಕೂರಲಾರಳು. ಅದು ನಿಜವಾದ ನಷ್ಟ. ಆದರೆ ಪಕ್ಕದ ಓಣಿಯ ಪುಟ್ಟ ಚರ್ಚಿಗೆ ಉಳಿದಿರುವ ದಾರಿ ಎರಡೇ ಆದಾಗ, ಒಂದು ಕೆಡವುವ ಯಂತ್ರ, ಇನ್ನೊಂದು ಒಲೆ ಹೊತ್ತಿಸುವ ಸಂಸಾರ ಎಂದಾದಾಗ, ನಾನು ಒಲೆಯ ಪರ.

ಉಟ್ರೆಕ್ಟಿಗೆ ಹೋದರೆ ಸೆಂಟ್ರಲ್ ರೈಲು ನಿಲ್ದಾಣದಿಂದ ಕಾಲುವೆಯ ದಾರಿ ಹಿಡಿದು ನಡೆದೇ ಹೋಗಿ. ಇಪ್ಪತ್ತು ನಿಮಿಷ ಸಾಕು. ಸಂತ ಯಾಕೋಬರ ಚರ್ಚನ್ನು ಎದುರು ದಂಡೆಯಿಂದ ಮನದಣಿಯೆ ನೋಡಿ. ಕಿಟಕಿಗೆ ಮುಖ ತಾಗಿಸಬೇಡಿ, ಕರೆಗಂಟೆ ಒತ್ತಬೇಡಿ. ಒಳಗೆ ಜನ ವಾಸವಾಗಿದ್ದಾರೆ.